ಗೋಕರ್ಣದ ಬಂಡೆಸಾಲಿನ ಅಲೆಗೆ ಯಾವಾಗ ಇಳಿಯಬೇಕು?

ಪ್ರಶ್ನೆ: ನಾನು ಶಿರಸಿಯವನು. ಗೋಕರ್ಣದ ಕುಡ್ಲೆ ಬೀಚಿನಲ್ಲಿ, ಮರಳುತಳದ ಅಲೆಯ ಮೇಲೆ ಸರ್ಫಿಂಗ್ ಕಲಿತೆ. ಈಗ ತೆರೆದ ಕಡಲಿಗೆ ಮುಖ ಮಾಡಿದ ಬಂಡೆಸಾಲಿನ ಮೇಲೆ ಕಣ್ಣು. ಭಾನುವಾರ ಮಧ್ಯಾಹ್ನ 2ಕ್ಕೆ ಇಳಿದೆ. ಅಲೆ ಸೊಂಟದಷ್ಟೇ ಇತ್ತು, ಆದರೆ ಒಂದೂ ನೆಟ್ಟಗೆ ಮುರಿಯಲಿಲ್ಲ. ಬಂಡೆಯ ಚಿಪ್ಪಿಗೆ ಮೊಣಕಾಲು ಗೀರಿಸಿಕೊಂಡು ಬಂದೆ, ಅಷ್ಟೇ ಲಾಭ.

ಉತ್ತರ 1: ಹೊತ್ತು ತಪ್ಪಿದೆ ಮಾರಾಯಾ. ಮಧ್ಯಾಹ್ನ ಕಡಲಗಾಳಿ ಎದ್ದು ನೀರನ್ನೆಲ್ಲ ಕೆದರುತ್ತದೆ. ನಸುಕಿನಲ್ಲಿ ಘಟ್ಟದ ಕಡೆಯಿಂದ ನೆಲಗಾಳಿ ಬರುತ್ತದೆ. ಆಗ ಅಲೆ ನಯವಾಗಿ ಎದ್ದು ನಿಲ್ಲುತ್ತದೆ. ಚಾ ಆಮೇಲೆ ಕುಡಿ.

ಉತ್ತರ 2: ಸುಮ್ನೆ ಎತ್ತರ ನೋಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡ್ ಎಣಿಸಿ. 6-7 ಇದ್ದರೆ ಹತ್ತಿರದ ಗಾಳಿ ಎಬ್ಬಿಸಿದ್ದು. 14 ದಾಟಿದರೆ ದೂರದ ದಕ್ಷಿಣ ಸಾಗರದಿಂದ ಬಂದದ್ದು, ಅಷ್ಟೇ ಎತ್ತರದಲ್ಲೂ ಬಲ ಜಾಸ್ತಿ. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನ ಮುನ್ಸೂಚನೆಯಲ್ಲಿ ಎತ್ತರ, ಸೆಕೆಂಡ್ ಎರಡೂ ಸಿಗುತ್ತದೆ.

ಪ್ರಶ್ನೆ ಕೇಳಿದವರು: ಕಡಲು ಪೂರ್ತಿ ಇಳಿತದಲ್ಲಿದ್ದಾಗ ನೀರಿಗೆ ಇಳಿಯಬಹುದಾ ಅಣ್ಣ?

ಉತ್ತರ 2: ಬೇಡವೇ ಬೇಡ. ನೀರು ಕಡಿಮೆಯಾದಷ್ಟೂ ಅಲೆ ತಟ್ಟನೆ ಮಗುಚುತ್ತದೆ, ಕೆಳಗೆ ಕಲ್ಲು. ನೀರು ಏರುವಾಗ ಹೋಗಿ. ನಮ್ಮಪ್ಪ ನೀಲಿಕಲ್ಲು (ಬಂಡೆಗೆ ಅಂಟಿ ಬೆಳೆಯುವ, ತಿನ್ನುವ ಚಿಪ್ಪು) ಕೀಳಲು ಹೋಗುವಾಗಲೂ ಮೊದಲು ಒಂದು ಬೀಡಿ ಮುಗಿಯುವವರೆಗೆ ನೊರೆ ನೋಡುತ್ತಾ ಕೂರುತ್ತಿದ್ದರು. ಜೂನ್-ಜುಲೈನಲ್ಲಂತೂ ಆ ಕಡೆ ತಲೆಯೂ ಹಾಕುತ್ತಿರಲಿಲ್ಲ.