ಕಾಲೇಜು ನಾಟಕದ ತಾಲೀಮು, ನಮ್ಮ ಭಾಗದ ಮಾತು, ಮನೆಯವರ ಪ್ರಶ್ನೆ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ (ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷದಿಂದ ನಾನು ನಮ್ಮ ಕಾಲೇಜಿನ ನಾಟಕ ತಂಡದಲ್ಲಿದ್ದೇನೆ. ಈ ಸಲ ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ಏಕಾಂಕ ನಾಟಕವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ನಾಟಕದ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ, ಆದರೆ ದಿನವೂ ಎದುರಾಗುವ ಕಿರಿಕಿರಿಗಳಿಂದ ಮನಸ್ಸು ದಣಿದಿದೆ. ತಾಲೀಮಿಗೆ ಅರ್ಧ ತಂಡ ತಡವಾಗಿ ಬರುತ್ತದೆ. ಸಭಾಂಗಣ ಸಿಗುತ್ತದೆಂದು ನಂಬಿ ಹೋದರೆ ಅಲ್ಲಿ ಮತ್ತೊಂದು ಕಾರ್ಯಕ್ರಮದ ಕುರ್ಚಿಗಳನ್ನು ಹಾಕಿರುತ್ತಾರೆ. ನಮ್ಮ ಭಾಗದ ಮಾತನ್ನು ಆಳುಮಗನಿಗೂ ಕುಡುಕನಿಗೂ ಮೀಸಲಿಟ್ಟು, ಮನೆಯ ಯಜಮಾನನಿಗೂ ನಾಯಕಿಗೂ ಪುಸ್ತಕದ ಕನ್ನಡವನ್ನು ಕೊಟ್ಟಿರುವುದು ನನಗೆ ಬಹಳ ಬೇಸರ ತಂದಿದೆ. ಇದರ ಮೇಲೆ ಹಾಜರಾತಿಯ ಚಿಂತೆ, ಊರಿಗೆ ಹೋದಾಗಲೆಲ್ಲ "ನಾಟಕಾ ಮಾಡಿದ್ರ ಏನ್ ಬರತೈತಿ?" ಎಂಬ ಅಪ್ಪನ ಪ್ರಶ್ನೆ. ಇಂಥದ್ದನ್ನು ದಾಟಿ ಬಂದವರು ಏನು ಮಾಡಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಪದವಿ ಅಂತಿಮ ವರ್ಷದ ವಿದ್ಯಾರ್ಥಿ, ವಿಜಯಪುರ

ಮೊದಲ ವರ್ಷದಿಂದಲೂ ಕಾಲೇಜಿನ ನಾಟಕಗಳಲ್ಲಿ ದುಡಿಯುತ್ತ ಬಂದಿರುವುದರಿಂದ ನಿಮ್ಮ ಪತ್ರದ ಪ್ರತಿಯೊಂದು ಮಾತೂ ನನಗೆ ಪರಿಚಿತವೆನಿಸಿತು. ಇವುಗಳಲ್ಲಿ ಭಾಷೆಯ ವಿಷಯವೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ಉಳಿದವಕ್ಕೆ ವ್ಯವಸ್ಥೆಯಿಂದ ಪರಿಹಾರ ಸಿಗುತ್ತದೆ, ಆದ್ದರಿಂದ ಅವನ್ನು ಮೊದಲು ಹೇಳಿಬಿಡುತ್ತೇನೆ.

ತಡವಾಗಿ ಬರುವವರು ಯಾರು ಎಂದು ಒಂದು ವಾರ ಗಮನಿಸಿ ನೋಡಿ. ನಮ್ಮ ತಂಡದಲ್ಲಿ ಅವರೆಲ್ಲ ಸಣ್ಣ ಪಾತ್ರದವರೇ ಆಗಿದ್ದರು. ನಿತ್ಯವೂ ಇಡೀ ತಂಡವನ್ನು ಕರೆಸಿ, ಆರಂಭದಿಂದ ಕೊನೆಯವರೆಗೆ ನಾಟಕವನ್ನು ಓಡಿಸುತ್ತಿದ್ದೆವು. ಎರಡು ಮಾತಿನ ಪಾತ್ರವಿರುವ ಹುಡುಗ ಸಂಜೆಯೆಲ್ಲ ಮೂಲೆಯಲ್ಲಿ ಮೊಬೈಲು ನೋಡುತ್ತ ಕೂರಬೇಕಾಗುತ್ತಿತ್ತು. ತನ್ನ ಸರದಿ ಬರುವ ಹೊತ್ತಿಗೆ ಬಂದರಾಯಿತು ಎಂದು ಅವನು ಲೆಕ್ಕ ಹಾಕಿದ್ದರಲ್ಲಿ ಆಶ್ಚರ್ಯವೇನಿದೆ? ನಾಟಕವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಯಾವ ದಿನ ಯಾವ ತುಣುಕು, ಅದಕ್ಕೆ ಯಾರು ಬೇಕು ಎಂಬ ಪಟ್ಟಿಯನ್ನು ವಾರದ ಮೊದಲೇ ಹಾಕತೊಡಗಿದ ಮೇಲೆ ಈ ಕಾಟ ಬಹುಮಟ್ಟಿಗೆ ನಿಂತಿತು. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ನಿಯಮದಂತೆ ಯುವಜನೋತ್ಸವದ ಏಕಾಂಕಕ್ಕೆ ಇರುವುದು 30 ನಿಮಿಷ. ಪಾತ್ರಧಾರಿಗಳು ಹೆಚ್ಚೆಂದರೆ 9 ಮಂದಿ, ಜೊತೆಗೆ 3 ಮಂದಿ ಸಹಾಯಕರು. ಈ ಒಂಬತ್ತು ಮಂದಿಯೂ ಒಟ್ಟಿಗೆ ರಂಗದ ಮೇಲಿರುವ ಹೊತ್ತು ಎಷ್ಟೆಂದು ಹಸ್ತಪ್ರತಿಯಲ್ಲಿ ಗುರುತು ಹಾಕಿ ನೋಡಿದರೆ, ಎಲ್ಲರನ್ನೂ ದಿನವೂ ಕರೆಸುವ ಅಗತ್ಯವಿಲ್ಲವೆಂಬುದು ನಿಮ್ಮ ನಿರ್ದೇಶಕರಿಗೂ ಮನವರಿಕೆಯಾಗುತ್ತದೆ. ಇನ್ನೊಂದು ಮಾತು: ಹೇಳಿದ ಹೊತ್ತಿಗೆ ಇಬ್ಬರೇ ಬಂದಿದ್ದರೂ ಆ ಇಬ್ಬರಿಂದಲೇ ಶುರು ಮಾಡಬೇಕು. ಬಂದವರನ್ನು ಕಾಯಿಸಿದರೆ ಮರುದಿನ ಅವರೂ ತಡಮಾಡುತ್ತಾರೆ.

ಸಭಾಂಗಣಕ್ಕಾಗಿ ಜಗಳವಾಡಬೇಡಿ. ಸ್ಪರ್ಧೆಯಲ್ಲಿ ರಂಗಸಜ್ಜಿಕೆಗೆ ಸಿಗುವುದೇ ಹತ್ತು ನಿಮಿಷವಾದ್ದರಿಂದ, ಎರಡು ಬೆಂಚು, ಒಂದು ಕಂಬಳಿಯಲ್ಲಿ ನಿಲ್ಲುವ ನಾಟಕವೇ ಮೇಲು. ಅದಕ್ಕೆ ಸಭಾಂಗಣವೇ ಬೇಕೆಂದಿಲ್ಲ. ನಾವು ಕಾಲೇಜಿನ ಹಿಂದಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ರಂಗದ ಅಳತೆಯನ್ನು ಗೆರೆ ಹಾಕಿ, ಪ್ರವೇಶದ ಜಾಗಗಳಲ್ಲಿ ಒಂದೊಂದು ಇಟ್ಟಿಗೆ ಇಟ್ಟು ತಾಲೀಮು ನಡೆಸಿದೆವು. ಬಯಲಿನಲ್ಲಿ ಮಾತನಾಡಿ ಪಳಗಿದ ಗಂಟಲು ಒಳಗೆ ಬಂದಾಗ ತಾನಾಗಿಯೇ ತುಂಬಿ ಕೇಳಿಸುತ್ತದೆ ಎಂಬುದು ಇದರಿಂದ ದೊರೆತ ಲಾಭ. ಸಭಾಂಗಣ ಬೇಕಾಗುವುದು ಕೊನೆಯ ನಾಲ್ಕಾರು ದಿನ ಮಾತ್ರ. ಆ ದಿನಗಳನ್ನು ಮೊದಲೇ ಹೆಸರಿಸಿ ಲಿಖಿತ ಮನವಿ ಕೊಟ್ಟು, ಪ್ರಾಚಾರ್ಯರ ಸಹಿ ಇರುವ ಪ್ರತಿಯೊಂದನ್ನು ಕೈಯಲ್ಲಿ ಇಟ್ಟುಕೊಳ್ಳಿ.

ಇನ್ನು ಮಾತಿನ ವಿಷಯ. ಪುಸ್ತಕದ ಕನ್ನಡದ ಮೇಲೆ ನನಗೆ ಯಾವ ಹಗೆಯೂ ಇಲ್ಲ. "ರಕ್ತರಾತ್ರಿ" ಬರೆದ ಕಂದಗಲ್ ಹನುಮಂತರಾಯರು ಈ ನೆಲದವರೇ. ನಮ್ಮ ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಅವರ ಪೌರಾಣಿಕ ಪಾತ್ರಗಳು ಆಡುವ ಗಂಭೀರವಾದ ಮಾತನ್ನು ನಮ್ಮ ಹಳ್ಳಿಗಳ ರೈತರು ಬಾಯಿಪಾಠ ಮಾಡಿ, ಒಂದಕ್ಷರ ತಪ್ಪದೆ ಆಡುತ್ತ ಬಂದಿದ್ದಾರೆ. ನನ್ನ ತಕರಾರು ಇರುವುದು, ಒಂದೇ ಊರಿನ, ಒಂದೇ ಮನೆಯ ಜನರಲ್ಲಿ ಯಜಮಾನನಿಗೆ ಒಂದು ಕನ್ನಡ, ಆಳಿಗೆ ಇನ್ನೊಂದು ಕನ್ನಡ ಎಂದು ಹಂಚುವುದರ ಬಗ್ಗೆ. ಹೀಗೆ ಹಂಚಿದ ಕೂಡಲೇ ನಮ್ಮ ಮಾತು ದಡ್ಡತನದ ಗುರುತಾಗಿ ಬಿಡುತ್ತದೆ. ಬೈಲಹೊಂಗಲದ "ಸಂಗ್ಯಾ ಬಾಳ್ಯಾ" ಎಂಬ ಸಣ್ಣಾಟ, ಅಂದರೆ ನಮ್ಮ ಭಾಗದ ಜನಪದ ನಾಟಕ, ಗೆಳೆಯನ ದ್ರೋಹದ, ಕೊಲೆಯ ಕಥೆ. ಅದರಲ್ಲಿ ಪ್ರೇಮವೂ ಸಂಕಟವೂ ಸಾವೂ ಈ ಮಾತಿನಲ್ಲಿಯೇ ನಡೆಯುತ್ತವೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು "ಜೋಕುಮಾರಸ್ವಾಮಿ"ಯಲ್ಲಿ ಗೌಡನಿಗೂ ಗೌಡತಿಗೂ ಊರ ಮಾತನ್ನೇ ಕೊಟ್ಟರು, ಮತ್ತು ಅದೇ ಮಾತಿನ ಬಲದಲ್ಲಿ ಬೆಳೆದ ಅವರ ಸಾಹಿತ್ಯಕ್ಕೆ 2010ನೆಯ ಸಾಲಿನ ಜ್ಞಾನಪೀಠ ಬಂದಿತು. ಹೀಗಿರುವಾಗ ನಮ್ಮ ಮಾತು ದುಃಖವನ್ನು ಹೊರಲಾರದು ಎಂದು ನಮ್ಮ ಕಾಲೇಜುಗಳಲ್ಲಿಯೇ ನಂಬುವುದು ನನಗೆ ನೋವಿನ ಸಂಗತಿ.

ನಾವು ಆಡಿದ ನಾಟಕವೊಂದರಲ್ಲಿ ತಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿರುವಾಗ ಮಗ ಅಪರಾತ್ರಿಯಲ್ಲಿ ಒಳಗೆ ಬರುವ ಸನ್ನಿವೇಶವಿತ್ತು. ಹಸ್ತಪ್ರತಿಯಲ್ಲಿ ತಾಯಿಯ ಮಾತು "ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಮಗನೇ?" ಎಂದಿತ್ತು. ಪಾತ್ರ ಮಾಡುತ್ತಿದ್ದವಳು ಇಂಡಿ ತಾಲ್ಲೂಕಿನ ಹುಡುಗಿ. ಅವಳು ಒಂದು ದಿನ ತನ್ನ ಊರಿನ ಧಾಟಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು, ದನಿಯನ್ನು ಎಳೆದು "ಇಷ್ಟೊತ್ತನಕಾ ಎಲ್ಲಿ ಹೋಗಿದ್ದಿ?" ಎಂದಾಗ ತಂಡವೆಲ್ಲ ನಕ್ಕಿತು. "ನೋಡಿದ್ರಾ, ನಗು ಬರತೈತಿ" ಎಂದರು ಕೆಲವರು. ನಿರ್ದೇಶಕರು ಅವಳಿಗೆ, ರೊಟ್ಟಿ ಬಡಿಯುವ ಕೈ ನಿಲ್ಲಿಸಬೇಡ, ಮಗನ ಮುಖ ನೋಡಬೇಡ, ದನಿ ಏರಿಸಬೇಡ, ಅದೇ ಮಾತು ಹೇಳು ಎಂದರು. ಅವಳು ಹಾಗೆಯೇ ಮಾಡಿದಳು. ಬಡಿತದ ಸದ್ದಿನ ನಡುವೆ ತಗ್ಗಿದ ದನಿಯಲ್ಲಿ ಆ ಮಾತು ಬಂದಾಗ ಯಾರೂ ನಗಲಿಲ್ಲ. ಮಗನ ಪಾತ್ರದವನಿಗೆ ತನ್ನ ಮುಂದಿನ ಮಾತು ಆಡುವುದೇ ಕಷ್ಟವಾಯಿತು. ನಗು ಹುಟ್ಟುತ್ತಿದ್ದುದು ಎಳೆದ ದನಿಯಿಂದ, ಸೊಂಟದ ಮೇಲಿನ ಕೈಯಿಂದ, ಹಾಸ್ಯ ಕಾರ್ಯಕ್ರಮಗಳನ್ನು ನೋಡಿ ನೋಡಿ ನಮಗೆ ಅಂಟಿಕೊಂಡ ರೂಢಿಯಿಂದ.

ಆದ್ದರಿಂದ ನಿರ್ದೇಶಕರೊಡನೆ ವಾದಿಸುವ ಬದಲು, ಒಂದೇ ಸನ್ನಿವೇಶವನ್ನು ಎರಡೂ ಬಗೆಯಲ್ಲಿ ಆಡಿ ತೋರಿಸಲು ಅವಕಾಶ ಕೇಳಿ. ಆಡುವಾಗ ಎರಡು ಎಚ್ಚರಿಕೆಗಳಿರಲಿ. ಚಿಕ್ಕೋಡಿಯ ಮಾತು ಬೇರೆ, ಮುಧೋಳದ ಮಾತು ಬೇರೆ, ಸಿಂದಗಿಯ ಮಾತು ಬೇರೆ. ಒಂದು ಮನೆಯ ಪಾತ್ರಗಳೆಲ್ಲ ಒಂದೇ ಕಡೆಯ ಮಾತನ್ನಾಡಬೇಕು. ಇಲ್ಲವಾದರೆ ಕಲಬೆರಕೆಯಾಗಿ ಕೃತಕವೆನಿಸುತ್ತದೆ. ಜೊತೆಗೆ ನಮ್ಮ ಆಡುಮಾತಿನಲ್ಲಿ ಪದಗಳು ಬೇಗ ಬೇಗ ಒಂದಕ್ಕೊಂದು ಕೂಡಿಕೊಂಡು, ವಾಕ್ಯದ ಕೊನೆಯ ಅಕ್ಷರ ಗಂಟಲಲ್ಲೇ ಉಳಿದುಬಿಡುತ್ತದೆ. ತೀರ್ಪುಗಾರರು ಬೇರೆ ಭಾಗದವರಾಗಿದ್ದಾಗ "ತಿಳಿಯಲಿಲ್ಲ" ಎನ್ನುವುದಕ್ಕೆ ಮುಖ್ಯ ಕಾರಣ ಇದೇ. ವಾಕ್ಯದ ಕೊನೆಯವರೆಗೆ ಉಸಿರನ್ನು ಉಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿದರೆ, ಯಾವ ಭಾಗದ ಪ್ರೇಕ್ಷಕರಿಗೂ ನಮ್ಮ ಮಾತು ತಿಳಿಯುತ್ತದೆ.

ಕಾಲೇಜು ಉಪನ್ಯಾಸಕರು, ಬೆಳಗಾವಿ

ಹಾಜರಾತಿಯ ಬಗ್ಗೆ ಮಾತ್ರ ಹೇಳುತ್ತೇನೆ. ನಾಟಕ ಮುಗಿದ ಮೇಲೆ, ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ "ಸರ್, ನಾಟಕದಾಗಿದ್ದೆ" ಎಂದು ಬರುವ ವಿದ್ಯಾರ್ಥಿಗಳಿಗೆ ನಾವು ಮನಸ್ಸಿದ್ದರೂ ಸಹಾಯ ಮಾಡುವುದು ಕಷ್ಟವಾಗುತ್ತದೆ. ಶೇಕಡಾ 75ರ ನಿಯಮ ಎಲ್ಲರಿಗೂ ಒಂದೇ. ತಾಲೀಮು ಆರಂಭವಾಗುವ ಮುನ್ನವೇ ತಂಡದ ಎಲ್ಲರ ಹೆಸರು, ತರಗತಿ, ತಾಲೀಮಿನ ದಿನಾಂಕಗಳಿರುವ ಪತ್ರವನ್ನು ಸಾಂಸ್ಕೃತಿಕ ವಿಭಾಗದ ಮೂಲಕ ಪ್ರಾಚಾರ್ಯರಿಗೆ ಕೊಟ್ಟು, ಒಪ್ಪಿಗೆಯ ಪ್ರತಿಯನ್ನು ಪ್ರತಿ ವಿಷಯದ ಅಧ್ಯಾಪಕರಿಗೆ ತಲುಪಿಸಬೇಕು. ತಾಲೀಮನ್ನು ತರಗತಿಯ ವೇಳೆಯ ಹೊರಗೇ ಇಡುವುದು ಇನ್ನೂ ಒಳ್ಳೆಯದು. ತರಗತಿ ತಪ್ಪಿಸಿ ನಾಟಕ ಮಾಡುವವರೆಂಬ ಹೆಸರು ಒಮ್ಮೆ ಬಂದರೆ, ಮುಂದಿನ ವರ್ಷದ ತಂಡಕ್ಕೂ ಅದರ ಪೆಟ್ಟು ಬೀಳುತ್ತದೆ.

ಶಾಲಾ ಶಿಕ್ಷಕಿ, ಜಮಖಂಡಿ

ತಂಗಿ, ನಿನ್ನ ಅಪ್ಪನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ, ಅವು ಬೇರೆ ಬೇರೆ. ಒಂದು ಸಂಪಾದನೆಯದು. ಇನ್ನೊಂದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ: ಮಗಳು ಬಣ್ಣ ಹಚ್ಚಿ ನಿಂತರೆ ಊರವರು ಏನೆಂದಾರು ಎಂಬುದು. ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕವಾಡುವಾಗ ಗಂಡು ಪಾತ್ರಗಳನ್ನು ಊರ ಹುಡುಗರು ಮಾಡುತ್ತಾರೆ, ಹೆಣ್ಣು ಪಾತ್ರಗಳಿಗೆ ಸಂಭಾವನೆ ಕೊಟ್ಟು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಊರೆಲ್ಲ ಅವರ ಅಭಿನಯಕ್ಕೆ ಸಿಳ್ಳೆ ಹೊಡೆಯುತ್ತದೆ, ಬಹುಮಾನವನ್ನೂ ಕೊಡುತ್ತದೆ, ಆದರೆ ತನ್ನ ಮನೆಯ ಮಗಳು ಅಲ್ಲಿ ನಿಲ್ಲುವುದನ್ನು ಒಪ್ಪುವುದಿಲ್ಲ. ಶ್ರೀಕೃಷ್ಣ ಪಾರಿಜಾತವೆಂಬ ಜನಪದ ಆಟವನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನವರ ನೆಲ ನಮ್ಮದು. ಅಂಥ ಕಲಾವಿದೆಯರನ್ನು ಕಂಡ ಜನ ಹೀಗೆ ಅಂಜುವುದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ನನ್ನ ಕಾಲದಲ್ಲಿ ಪ್ರದರ್ಶನಕ್ಕಿಂತ ತಾಲೀಮಿಗೆ ಅವ್ವನನ್ನು ಕರೆದುಕೊಂಡು ಹೋದದ್ದೇ ಹೆಚ್ಚು ಕೆಲಸಕ್ಕೆ ಬಂದಿತು. ಪ್ರದರ್ಶನದ ದಿನ ಮನೆಯವರಿಗೆ ಬಣ್ಣ, ಬೆಳಕು, ಗದ್ದಲ ಮಾತ್ರ ಕಾಣುತ್ತದೆ. ತಾಲೀಮಿನಲ್ಲಿ ಅವ್ವ ಕಂಡದ್ದು, ಅಧ್ಯಾಪಕರೊಬ್ಬರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸುವುದು, ಹುಡುಗರು ಕಸ ಗುಡಿಸಿ ಬೆಂಚು ಹೊರುವುದು, ಹುಡುಗಿಯರೆಲ್ಲ ಒಟ್ಟಿಗೆ ಹೊರಡುವುದು. ಊರಿಗೆ ಹೋಗಿ ಅವಳೇ ಅಪ್ಪನಿಗೆ ಹೇಳಿದಳು. ನಾನು ಹೇಳಿದ್ದರೆ ಅಷ್ಟು ಸಲೀಸಾಗಿ ಒಪ್ಪುತ್ತಿರಲಿಲ್ಲ. ನೀನು ವಿದ್ಯಾರ್ಥಿನಿಲಯದಲ್ಲಿದ್ದರೆ ಅದರ ಬಾಗಿಲು ಹಾಕುವ ವೇಳೆಯನ್ನು ನಿರ್ದೇಶಕರಿಗೆ ಮೊದಲ ದಿನವೇ ತಿಳಿಸು, ಮತ್ತು ಹುಡುಗಿಯರಿರುವ ಸನ್ನಿವೇಶಗಳ ತಾಲೀಮನ್ನು ಮೊದಲು ಮುಗಿಸಬೇಕೆಂದು ಕೇಳು. ಇದು ರಿಯಾಯಿತಿಯ ಬೇಡಿಕೆಯಲ್ಲ. ತಂಡ ನಡೆಸುವವರು ತಾವಾಗಿಯೇ ನೋಡಿಕೊಳ್ಳಬೇಕಾದ ಸಂಗತಿ.

ವೃತ್ತಿ ರಂಗಭೂಮಿಯ ಅಭಿಮಾನಿ, ಇಳಕಲ್

ಕಾಲೇಜಿನ ಹುಡುಗರು ಕಂಪನಿ ನಾಟಕವೆಂದರೆ ಮೂಗು ಮುರಿಯುತ್ತಾರೆ, ಅದು ತಪ್ಪು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ, ಅಲ್ಲಿ ಡೇರೆ ಹಾಕುವ ಕಂಪನಿಗಳ ಆಟ ನೋಡಿರಿ. ಹೊರಗೆ ಜಾತ್ರೆಯ ಗದ್ದಲ, ಪಕ್ಕದಲ್ಲಿಯೇ ಇನ್ನೊಂದು ಕಂಪನಿಯ ಧ್ವನಿವರ್ಧಕ. ಇದರ ನಡುವೆ, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುವ ನಟರು ಮೇಲೆ ತೂಗುಬಿಟ್ಟ ಮೈಕಿಗೆ ಸರಿಯಾಗಿ ನಿಂತು, ಕಟ್ಟಕಡೆಯ ಸಾಲಿನವರಿಗೆ ಮಾತು ಮುಟ್ಟಿಸುತ್ತಾರೆ. ಪ್ರೇಕ್ಷಕರು ನಗುವಾಗ ಮುಂದಿನ ಮಾತನ್ನು ಎಷ್ಟು ಹೊತ್ತು ಹಿಡಿದಿಡಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರಂಥವರು ಬೆಳೆದದ್ದು ಇದೇ ರಂಗದಲ್ಲಿ.

ಮತ್ತೆ ಪ್ರಶ್ನೆ ಕೇಳಿದವರು, ಬಾಗಲಕೋಟೆ

ಎಲ್ಲರಿಗೂ ಕೃತಜ್ಞತೆಗಳು. ಒಂದು ಸನ್ನಿವೇಶವನ್ನು ಎರಡು ಬಗೆಯಲ್ಲಿ ಆಡಿ ನೋಡಲು ನಮ್ಮ ನಿರ್ದೇಶಕರು ಒಪ್ಪಿದ್ದಾರೆ. ಅವ್ವನನ್ನು ಬರುವ ವಾರ ಕರೆಸುತ್ತೇನೆ. ಅಪ್ಪನ ಮೊದಲ ಪ್ರಶ್ನೆ, ಅಂದರೆ ಪದವಿಯ ನಂತರದ ದಾರಿಯ ಬಗ್ಗೆಯೂ ಯಾರಾದರೂ ಹೇಳುವಿರಾ?

ಪದವಿ ಅಂತಿಮ ವರ್ಷದ ವಿದ್ಯಾರ್ಥಿ, ವಿಜಯಪುರ

ನಾನೂ ಈಗ ಅದೇ ವಿಚಾರದಲ್ಲಿದ್ದೇನೆ, ಆದ್ದರಿಂದ ವಿಚಾರಿಸಿ ತಿಳಿದಷ್ಟನ್ನು ಹೇಳುತ್ತೇನೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ, ಈ ಮೂರರಲ್ಲಿಯೂ ಒಂದು ವರ್ಷದೊಳಗೆ ಮುಗಿಯುವ ತರಬೇತಿಗಳಿವೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ ವ್ಯಾಸಂಗ. ಅದಕ್ಕೆ ಪದವಿ ಮುಗಿದಿರಬೇಕು ಮತ್ತು ಕನಿಷ್ಠ 6 ನಾಟಕಗಳಲ್ಲಿ ಭಾಗವಹಿಸಿದ ಅನುಭವವಿರಬೇಕು. ಪದವಿಯನ್ನು ಅರ್ಧಕ್ಕೆ ಬಿಡುವ ಯೋಚನೆ ಮಾಡದಿರುವುದಕ್ಕೆ ಇಷ್ಟೇ ಕಾರಣ ಸಾಕು, ಮತ್ತು ಬಿ.ಇಡಿ. ಮಾಡಿ ಶಿಕ್ಷಕರಾಗುವ ದಾರಿಯೂ ಅದರಿಂದ ತೆರೆದೇ ಇರುತ್ತದೆ ಎಂದು ಅಪ್ಪನವರಿಗೆ ಹೇಳಬಹುದು.

ಈಗಲೇ ಮಾಡಬೇಕಾದ ಕೆಲಸವೊಂದಿದೆ. ನೀವು ಅಭಿನಯಿಸಿದ ಪ್ರತಿ ನಾಟಕದ ಕರಪತ್ರ, ಆಮಂತ್ರಣ, ಫೋಟೋ ಮತ್ತು ನಿರ್ದೇಶಕರ ಸಹಿಯುಳ್ಳ ಪ್ರಮಾಣಪತ್ರವನ್ನು ಒಂದು ಫೈಲಿನಲ್ಲಿ ಜೋಡಿಸುತ್ತ ಹೋಗಿ. ಕಳೆದ ವರ್ಷದ ನಾಟಕದ ಪ್ರಮಾಣಪತ್ರ ಇನ್ನೂ ಪಡೆದಿಲ್ಲವಾದರೆ, ಅಂದಿನ ನಿರ್ದೇಶಕರು ವರ್ಗಾವಣೆಯಾಗಿ ಹೋಗುವ ಮೊದಲು ಕೇಳಿ ಪಡೆದುಕೊಳ್ಳಿ. ರಂಗದ ಹಿಂದೆ ಬೆಳಕು, ವಸ್ತ್ರ, ಪ್ರಸಾಧನ ನೋಡಿಕೊಂಡಿದ್ದರೆ ಅದನ್ನೂ ಬರೆಸಿಕೊಳ್ಳಿ.