ರೇಷ್ಮೆ ಹುಳು ಮನೆಯಲ್ಲಿ ಇಲಿ: ಬೋನಿಗೆ ಯಾವ ವಾಸನೆಯ ತಿಂಡಿ ಕಟ್ಟಬೇಕು?

ಶಿಡ್ಲಘಟ್ಟ_ಸೊಪ್ಪು:
ಹುಳು ಮನೆ 50×20 ಅಡಿ, ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಶೀಟು, ಕಿಟಕಿಗೆಲ್ಲ ಊಜಿ ಬಲೆ (ಹುಳುವಿಗೆ ಕಾಟ ಕೊಡುವ ಊಜಿ ನೊಣ ತಡೆಯೋಕೆ). ಒಂದೇ ಗೋಡೆಗೆ ಅಂಟಿಕೊಂಡು ರಾಗಿ, ಹಸುವಿನ ಹಿಂಡಿ ಇಡುವ ಕೋಣೆ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ರಾತ್ರಿ ಹುಳು ಕಮ್ಮಿಯಾಗ್ತಿದೆ. ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆ) ಬಿಟ್ಟ ಮೇಲೆ ಗೂಡನ್ನೇ ಕತ್ತರಿಸಿ ಒಳಗಿನ ಕೋಶ (ಪ್ಯೂಪಾ) ತಿಂತಿವೆ. ತಂತಿ ಬೋನು 3 ಇದೆ. ಟೊಮೆಟೊ, ಚಪಾತಿ ಚೂರು, ಒಂದು ಹಿಡಿ ರಾಗಿ, ಏನಿಟ್ಟರೂ ಒಳಗೆ ಬರ್ತಿಲ್ಲ. ಹುಳು ಇರುವ ಕಡೆ ವಿಷ ಇಡೋಕೆ ಇಷ್ಟ ಇಲ್ಲ. ನನ್ನ ಪ್ರಶ್ನೆ ಮೂರು. ಒಣಮೀನು ಕಟ್ಟಿದರೆ ಖಂಡಿತ ಬೀಳುತ್ತೆ ಅಂತಾರೆ, ಒಳಗೆ ಇಡಬಹುದಾ? ಬೋನಿಗೆ ಮನುಷ್ಯರ ಕೈವಾಸನೆ ಹತ್ತಿದರೆ ಇಲಿ ಬರಲ್ಲ, ಬೇವಿನ ಸೊಪ್ಪು ತಿಕ್ಕಿ ಇಡಬೇಕು ಅನ್ನೋದು ನಿಜವಾ? ಅಂಟು ಹಲಗೆ ತರಬಹುದಾ?

ಗೋದಾಮು_ಚಿಂತಾಮಣಿ:
ಮೊದಲು ಬರ್ತಿರೋದು ಯಾವುದು ಅಂತ ತಿಳಿಯಬೇಕು, ತಿಂಡಿ ಆಮೇಲೆ. ಇಲಿ ಅಂತ ನಾವು ಕರೆಯುವುದರಲ್ಲಿ ನಾಲ್ಕು ಬೇರೆ ಬೇರೆ ಪ್ರಾಣಿ ಇವೆ, ನಾಲ್ಕರ ರುಚಿಯೂ ಬೇರೆ.

ನಿಮ್ಮ ಮನೆಯಲ್ಲಿ ಸುಣ್ಣದ ಪುಡಿ ಇದ್ದೇ ಇರುತ್ತೆ. ಗೋಡೆ ಪಕ್ಕ, ಬಾಗಿಲ ಮೂಲೆ, ಗೋಡೆ ತಲೆಯ ಮೇಲೆ ಒಂದೊಂದು ಅಡಿ ಅಗಲಕ್ಕೆ ತೆಳ್ಳಗೆ ಉದುರಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹೆಜ್ಜೆ ನೋಡಿ. ಹಿಂಗಾಲಿನ ಗುರುತು 2 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಚಿಟ್ಟಿಲಿ, 3ರ ಆಸುಪಾಸು ಇದ್ದರೆ ಮನೆಯಿಲಿ, ಅದಕ್ಕೂ ದೊಡ್ಡದಾಗಿ ಜೊತೆಗೆ ಹೊರಗೆ ಗೋಡೆ ಬುಡದಲ್ಲಿ ಹೊಸ ಮಣ್ಣು ಗುಡ್ಡೆ ಬಿದ್ದಿದ್ದರೆ ಹೆಗ್ಗಣ. ಹಿಕ್ಕೆಯನ್ನೂ ನೋಡಿ. ಅಕ್ಕಿ ನುಚ್ಚಿನಷ್ಟು ಇದ್ದರೆ ಚಿಟ್ಟಿಲಿ. ಒಂದು ಸೆಂಟಿಮೀಟರು ದಾಟಿ ತುದಿ ಚೂಪಾಗಿದ್ದರೆ ಮನೆಯಿಲಿ. ಮೆತ್ತಗೆ ಹೊಳೆಯುತ್ತಿದ್ದರೆ ನಿನ್ನೆಯದು, ಬೂದುಬಣ್ಣಕ್ಕೆ ತಿರುಗಿ ಪುಡಿಯಾದರೆ ಹಳೆಯದು.

ನಾಲ್ಕನೆಯದು ಸುಂಡಿಲಿ, ಉದ್ದ ಮೂತಿಯದು. ಕಸ್ತೂರಿಯಂಥ ಗಬ್ಬು ವಾಸನೆ ಬಂದರೆ ಅದೇ. ಅದು ಹುಳುಹುಪ್ಪಟೆ ತಿನ್ನುವ ಜಾತಿ, ರಾಗಿ, ಚಪಾತಿಗೆ ಅಷ್ಟಾಗಿ ಬರುವುದಿಲ್ಲ. ಜಿರಲೆ ತಿನ್ನುವುದರಿಂದ ಮನೆಯ ಸುತ್ತ ಇದ್ದರೆ ಒಳ್ಳೆಯದೇ, ಹುಳು ಮನೆಯೊಳಗೆ ಮಾತ್ರ ಬೇಡ. ಅದಕ್ಕೆ ಬೋನಿಗಿಂತ ಬಾಗಿಲ ಕೆಳಗಿನ ಸಂದು ಮುಚ್ಚುವುದೇ ದಾರಿ.

ರಾಗಿ ಕೋಣೆ ಪಕ್ಕದಲ್ಲೇ ಇದ್ದು ಬೋನಿಗೂ ರಾಗಿಯನ್ನೇ ಇಟ್ಟರೆ ಇಲಿಗೆ ಬೋನಿನೊಳಗೆ ನುಗ್ಗುವ ದರ್ದು ಏನಿದೆ? ಅಲ್ಲಿ ಮೂಟೆಗಟ್ಟಲೆ ಬಿದ್ದಿದೆ. ಆ ಜಾಗದಲ್ಲಿ ಸಿಗದ ವಾಸನೆ ಬೋನಿನಲ್ಲಿ ಇರಬೇಕು. ಕಾಳು ತುಂಬಿದ ಕಡೆ ಎಣ್ಣೆ ಜಿಡ್ಡಿನದು, ಕರಿದದ್ದು. ಬೇಸಿಗೆಯಲ್ಲಿ ಒಣ ಗೋದಾಮಾದರೆ ಸೌತೆಕಾಯಿ ಹೋಳು ಕೂಡ ನಡೆಯುತ್ತೆ, ಆಗ ಅವಕ್ಕೆ ಬೇಕಿರುವುದು ನೀರು. ನಿಮ್ಮಲ್ಲಿ ಟೊಮೆಟೊ ಸೋತದ್ದು ಅದಕ್ಕೇ ಇರಬಹುದು, ಹಸಿ ಸೊಪ್ಪು ತುಂಬಿರುವ ಮನೆಯಲ್ಲಿ ತೇವಕ್ಕೆ ಬರ ಇಲ್ಲ.

ಚಂದ್ರಿಕೆ_ವಿಜಯಪುರ:
ಒಣಮೀನು ಹುಳು ಮನೆಯೊಳಗೆ ಬೇಡವೇ ಬೇಡ. ಇಲಿ ಬರುತ್ತೆ ನಿಜ, ಅದಕ್ಕಿಂತ ಮುಂಚೆ ಇರುವೆ ಬರುತ್ತೆ. ಹುಳು ಸಾಕುವ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟು ಇರುವೆ ತಡೆಯುವವರು ಗೋಡೆ ಪಕ್ಕದಲ್ಲಿ ಮೀನು ಕಟ್ಟಿ ಕರೆದಂತಾಯ್ತು. ನೆಲಕ್ಕೆ ತಾಗಿದ ಒಂದು ರೆಂಬೆ ಸಾಕು, ಇರುವೆ ಹುಳು ಮೇಯುವ ಹಾಸಿಗೆಗೆ ಹತ್ತುತ್ತೆ. ಇನ್ನೊಂದು ಡರ್ಮೆಸ್ಟಿಡ್ ದುಂಬಿ. ಒಣಮೀನು, ಒಣಚರ್ಮ, ಸತ್ತ ಕೋಶ ಎಲ್ಲ ಅದರ ಊಟ. ಒಂದು ಸಲ ಸೇರಿಕೊಂಡರೆ ಗೂಡಿಗೆ ತೂತು ಹಾಕುತ್ತೆ, ತೂತು ಬಿದ್ದ ಗೂಡು ನೂಲು ಬಿಚ್ಚೋಕೆ ಬರಲ್ಲ.

ಒಳಗೆ ಇಡೋಕೆ ಒಳ್ಳೆಯದು ಸುಟ್ಟ ಕೊಬ್ಬರಿ. ಗಿಟುಕನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ನೇರ ಒಡ್ಡಿ, ಅಂಚು ಕಪ್ಪಾಗಿ ಎಣ್ಣೆ ಜಿನುಗುವ ತನಕ. ಹೆಬ್ಬೆರಳು ಅಗಲದ ಚೂರು, ಸುಮಾರು 10 ಗ್ರಾಂ. ಕೊಕ್ಕೆಗೆ ಬರೀ ಸಿಕ್ಕಿಸಬೇಡಿ, ದಾರದಿಂದ ಎರಡು ಸುತ್ತು ಬಿಗಿದು ಕಟ್ಟಿ. ಸಡಿಲ ಇದ್ದರೆ ಮೆಲ್ಲಗೆ ಕಿತ್ತುಕೊಂಡು ಹೋಗುತ್ತೆ, ಬಾಗಿಲು ಬೀಳಲ್ಲ. ಎಳೆದಾಗ ಕೊಕ್ಕೆ ಕಳಚಬೇಕು. ಸಂಜೆ ಕಟ್ಟಿ ಬೆಳಗಿನ ಜಾವ ತೆಗೆದುಬಿಡಿ, ಹಗಲೆಲ್ಲ ಬಿಟ್ಟರೆ ಇರುವೆಯೂ ಬರುತ್ತೆ, ಅಳಿಲೂ ಬೀಳುತ್ತೆ. ಎರಡು ರಾತ್ರಿಗಿಂತ ಹೆಚ್ಚು ಅದೇ ಚೂರು ಬೇಡ, ವಾಸನೆ ಸತ್ತಿರುತ್ತೆ.

ಚಿಟ್ಟಿಲಿ ಆದರೆ ಕೊಬ್ಬರಿಗಿಂತ ಕಡ್ಲೆಕಾಯಿ ಉಂಡೆ ವಾಸಿ. ಹುರಿದ ಬೀಜ 100 ಗ್ರಾಂ, ಬೆಲ್ಲ 20 ಗ್ರಾಂ, ಎಣ್ಣೆ ಒಂದು ಚಮಚ ರುಬ್ಬಿ, ಉಂಡೆ ಕಟ್ಟಲು ಬರುವಷ್ಟು ಹುರಿದ ರಾಗಿಹಿಟ್ಟು ಸೇರಿಸಿ. ತಂತಿ ಬೋನಿಗೆ ಸಣ್ಣ ನಿಂಬೆಯಷ್ಟು, ಹಲಗೆ ಬೋನಿಗೆ (ಸ್ಪ್ರಿಂಗ್ ಬಡಿಯುವಂಥದ್ದು) ಕಡ್ಲೆಕಾಳಿನಷ್ಟೇ. ಜಾಸ್ತಿ ಮೆತ್ತಿದರೆ ಅಂಚಿನಿಂದ ನೆಕ್ಕಿ ಹೋಗುತ್ತೆ. ಕಮಟು ಹಿಡಿದ ಎಣ್ಣೆ, ಹಳೇ ಬೀಜ ಹಾಕಿ ದುಡ್ಡು ಉಳಿಸೋಕೆ ಹೋಗಬೇಡಿ, ಇಲಿ ಮೂಸಿ ಬಿಟ್ಟು ಹೋಗುತ್ತೆ.

ಅಂಟು ಹಲಗೆ ಸುಣ್ಣದ ಧೂಳು ಬೀಳುವ ಮನೆಯಲ್ಲಿ ಬೇಗ ಕೆಲಸಕ್ಕೆ ಬಾರದಂತಾಗುತ್ತೆ. ಅಲ್ಲದೆ ಹಲ್ಲಿ, ಓತಿಕ್ಯಾತ ಸಿಕ್ಕಿ ನರಳುತ್ತವೆ. ಅದನ್ನು ನಾನಂತೂ ಶಿಫಾರಸು ಮಾಡಲ್ಲ.

ಬಯಲುಸೀಮೆ_ಬೋನು:
ಕೈವಾಸನೆಯ ಮಾತು ಕಾಡಿನ ನರಿಗೆ ಹೊಂದಬಹುದು, ಮನೆಯಿಲಿಗೆ ಅಲ್ಲ. ಅದು ಹುಟ್ಟಿದಾಗಿನಿಂದ ಮನುಷ್ಯರ ಬೆವರಿನ ವಾಸನೆಯಲ್ಲೇ ಬೆಳೆದದ್ದು. ಬೇವು ತಿಕ್ಕುವುದು ದಂಡ, ಸೋಪು ಹಾಕಿ ತೊಳೆಯುವುದು ಇನ್ನೂ ದಂಡ. ಹಿಂದೆ ಇಲಿ ಬಿದ್ದ ಬೋನಿನಲ್ಲಿ ಉಳಿದ ಇಲಿ ವಾಸನೆ ಅದೇ ಜಾತಿಯ ಮುಂದಿನದನ್ನು ಕರೆಯುತ್ತದೆ. ಬರೀ ನೀರಿನಲ್ಲಿ ತೊಳೆದು ಕಡುಬಿಸಿಲಿಗೆ ಒಣಗಿಸಿದರೆ ಸಾಕು. ಕೈಗೆ ಗ್ಲೌಸು ಮಾತ್ರ ಹಾಕಲೇಬೇಕು, ಅದು ಇಲಿಗಾಗಿ ಅಲ್ಲ, ನಿಮಗಾಗಿ. ಇಲಿ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಕೈಯಲ್ಲಿ ಗಾಯ ಇದ್ದರೆ, ಒದ್ದೆ ಬೋನು ಮುಟ್ಟಿದರೆ ಅಪಾಯ ಹೆಚ್ಚು. ಬೆಕ್ಕು ಒರಗಿ ಮಲಗುವ ಜಾಗದಲ್ಲಿ ಇಟ್ಟ ಬೋನಿಗೆ ಇಲಿ ಬರುವುದಿಲ್ಲ, ಅದನ್ನು ಬೇಕಾದರೆ ಗಮನಿಸಿ.

ಒಳ್ಳೆಯ ತಿಂಡಿ ಕಟ್ಟಿದರೂ ಬೀಳದಿರಲು ದೊಡ್ಡ ಕಾರಣ ಹೊಸ ವಸ್ತುವಿನ ಭಯ. ಮನೆಯಿಲಿ, ಹೆಗ್ಗಣ ಎರಡೂ ತಮ್ಮ ದಾರಿಯಲ್ಲಿ ಹೊಸದೇನು ಕಂಡರೂ ಕೆಲವು ರಾತ್ರಿ ಸುತ್ತು ಹಾಕಿ ಹೋಗುತ್ತವೆ. ಚಿಟ್ಟಿಲಿಗೆ ಈ ಭಯ ಕಡಿಮೆ, ಅದು ಮೊದಲ ರಾತ್ರಿಯೇ ಮೂಗು ತೂರಿಸುತ್ತದೆ. ಹಾಗಾಗಿ ಬೋನಿನ ಬಾಗಿಲನ್ನು ತಂತಿಯಿಂದ ಎತ್ತಿ ಕಟ್ಟಿ ಮೂರು ರಾತ್ರಿ ಸುಮ್ಮನೆ ಉಣ್ಣಿಸಿ. ಮೊದಲ ರಾತ್ರಿ ಚೂರು ಬಾಗಿಲ ಹೊರಗೆ, ಎರಡನೆಯದು ಹೊಸ್ತಿಲಲ್ಲಿ, ಮೂರನೆಯದು ಕೊಕ್ಕೆ ಪಕ್ಕ. ಮೂರನೇ ರಾತ್ರಿಯದು ಪೂರ್ತಿ ಖಾಲಿಯಾದ ಬೋನನ್ನಷ್ಟೇ ನಾಲ್ಕನೇ ರಾತ್ರಿ ಹೂಡಿ. ಮುಟ್ಟದ ಬೋನನ್ನು ಅಲ್ಲಿಂದ ಎತ್ತಿ ಬೇರೆ ಗೋಡೆಗೆ ಇಡಿ. ನಡುವೆ ತಿಂಡಿಯ ಜಾತಿ ಬದಲಿಸಬೇಡಿ. ಇವತ್ತು ಬೋಂಡ, ನಾಳೆ ಕೊಬ್ಬರಿ ಅಂದರೆ ಎಣಿಕೆ ಮತ್ತೆ ಮೊದಲಿನಿಂದ.

ಇದರ ಹಿಂದೆ ಒಂದು ಸ್ವಾರಸ್ಯ ಇದೆ. ತಿಂದು ಬಂದ ಇಲಿಯ ಬಾಯನ್ನು ಬೇರೆ ಇಲಿಗಳು ಮೂಸುತ್ತವೆ. ಉಸಿರಿನಲ್ಲಿರುವ ಕಾರ್ಬನ್ ಡೈಸಲ್ಫೈಡ್ ಜೊತೆ ಆ ತಿಂಡಿಯ ವಾಸನೆ ಸೇರಿ ಬಂದರೆ, ಅದು ತಿನ್ನಬಹುದಾದದ್ದು ಅಂತ ಕಲಿಯುತ್ತವೆ. ಒಂದಕ್ಕೆ ಮೂರು ರಾತ್ರಿ ಉಣ್ಣಿಸಿದರೆ ಅದೇ ಉಳಿದವಕ್ಕೆ ಹೇಳಿಕೊಡುತ್ತದೆ.

50 ಅಡಿ ಮನೆಗೆ 3 ಬೋನು ಏನೇನೂ ಸಾಲದು. ಎರಡು ಉದ್ದ ಗೋಡೆಗೂ ಸುಮಾರು 10 ಅಡಿಗೊಂದರಂತೆ ಒಟ್ಟು 8–10 ಬೇಕು, ತಿಂಡಿ ಖಾಲಿಯಾದವನ್ನೆಲ್ಲ ಒಂದೇ ರಾತ್ರಿ ಹೂಡಬೇಕು. ಒಂದೊಂದೇ ಹೂಡಿದರೆ ಉಳಿದವು ಎಚ್ಚೆತ್ತುಕೊಳ್ಳುತ್ತವೆ. ಇಲಿ ಮೀಸೆಯನ್ನು ಗೋಡೆಗೆ ತಾಗಿಸಿಕೊಂಡೇ ಓಡುತ್ತದೆ, ಆದ್ದರಿಂದ ತಂತಿ ಬೋನು ಗೋಡೆಗುಂಟ, ಬಾಯಿ ಅದು ಬರುವ ದಿಕ್ಕಿಗೆ. ಹಲಗೆ ಬೋನಾದರೆ ಗೋಡೆಗೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಗೆ ತಾಗಿ. ಬೋನು ಅಲುಗಾಡಿದರೆ ಒಳಗೆ ಕಾಲಿಡುವುದಿಲ್ಲ, ಕೆಳಗೆ ಚಪ್ಪಟೆ ಕಲ್ಲು ಕೊಟ್ಟು ಕೂರಿಸಿ.

ಕ್ರಾಸ್‌ಬ್ರೀಡ್_ಕೋಲಾರ:
ಗೂಡು ಕತ್ತರಿಸಿ ಕೋಶ ತಿನ್ನೋಕೆ ಕಲಿತ ಇಲಿಗೆ ಕೋಶದಷ್ಟು ಒಳ್ಳೆಯ ತಿಂಡಿ ಇನ್ನೊಂದಿಲ್ಲ, ಜಿಡ್ಡು ಜಾಸ್ತಿ, ವಾಸನೆ ದೂರಕ್ಕೆ ಹೋಗುತ್ತೆ. ಶಿಡ್ಲಘಟ್ಟದಲ್ಲಿ ರೀಲರ್‌ಗಳ ಹತ್ತಿರ ನೂಲು ತೆಗೆದ ಕೋಶ ಬೇಕಾದಷ್ಟು ಸಿಗುತ್ತೆ. ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ.

ಚಂದ್ರಿಕೆ_ವಿಜಯಪುರ:
ಅಣ್ಣ, ಹೆಗ್ಗಣದ ಬಿಲಕ್ಕೆ ಹೊರಗೆ ಇಡೋದಾದರೆ ಒಪ್ಪುತ್ತೀನಿ, ನಿಜಕ್ಕೂ ಬರುತ್ತವೆ. ಹುಳು ಮನೆಯೊಳಗೆ ಬೇಡ. ರೀಲಿಂಗ್ ಮನೆಯ ಕೋಶದ ರಾಶಿಯೇ ದುಂಬಿಯ ತವರು. ಇನ್ನು ಕೆಟ್ಟ ಗೂಡಿನ ಹಸಿ ಕೋಶ ತಂದರೆ ಹುಳುವಿಗೆ ಅಂಟುವ ಗಂಟುರೋಗದ (ಪೆಬ್ರಿನ್) ಬೀಜವನ್ನೂ ಜೊತೆಗೇ ತಂದಂತೆ. ಹೊರಗಿನ ಬೋನನ್ನು ಹೊರಗೇ ಬಿಡಿ, ಅದನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಬೇಡಿ.

ಹಾಗೇ ಇಲಿ ಓಡಿಸೋಕೆ ಅಂತ ನ್ಯಾಫ್ತಲಿನ್ ಗುಳಿಗೆ, ಫಿನಾಯಿಲ್, ಹೊಗೆಸೊಪ್ಪು, ಸೊಳ್ಳೆ ಬತ್ತಿ ಯಾವುದನ್ನೂ ಒಳಗೆ ತರಬೇಡಿ. ಇಲಿ ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತೆ, ಹುಳು ಸಾಯುತ್ತೆ.

ಶಿಡ್ಲಘಟ್ಟ_ಸೊಪ್ಪು:
ಸುಣ್ಣ ಹಾಕಿ ನೋಡಿದೆ. ನೆಲದಲ್ಲಿ ಏನೂ ಇಲ್ಲ. ಗೋಡೆ ತಲೆಯ ಮೇಲೆ, ಶೀಟಿನ ಕೆಳಗೆ ಹೆಜ್ಜೆ ಇದೆ, ಬಾಲ ಎಳೆದ ಗೆರೆಯೂ ಇದೆ. ಹಿಕ್ಕೆ ಉದ್ದ, ತುದಿ ಚೂಪು. ಮೂಲೆಯಲ್ಲಿ ಊಜಿ ಬಲೆ ಕಚ್ಚಿ ಹರಿದಿದೆ. ಈಗ ಹುಳು ಐದನೇ ಹಂತದಲ್ಲಿ ಇದೆ. ಈಗಲೇ ಶುರು ಮಾಡಲಾ?

ಬಯಲುಸೀಮೆ_ಬೋನು:
ಹಾಗಾದರೆ ಮನೆಯಿಲಿ, ಹತ್ತುವ ಜಾತಿ. ನೆಲದಲ್ಲಿ ಇಟ್ಟ ಬೋನು ಅದರ ದಾರಿಯಲ್ಲೇ ಇರಲಿಲ್ಲ, ತಿಂಡಿಯನ್ನು ದೂರಿ ಫಲವಿಲ್ಲ. ಗೋಡೆ ತಲೆಯ ಮೇಲೆ ಬೋನು ಕೂರಿಸಿ ತಂತಿಯಿಂದ ತೊಲೆಗೆ ಬಿಗಿಯಿರಿ. ಇಲ್ಲದಿದ್ದರೆ ಬಿದ್ದ ಇಲಿ ಒದ್ದಾಡಿ ಬೋನಿನ ಸಮೇತ ಹಾಸಿಗೆಯ ಮೇಲೆ ಬೀಳುತ್ತದೆ. ಜಾಗ ಕಿರಿದಾದರೆ ಒಂದು ಅಡಿ ಹಲಗೆಯನ್ನು ಗೋಡೆಗೆ ಹೊಡೆದು ಅದರ ಮೇಲಿಡಿ.

ಊಜಿ ಬಲೆಯ ತೂತನ್ನು ಇವತ್ತೇ ಹೊಲಿಯಿರಿ. ಇಲಿ ತಿನ್ನುವ ಹುಳುವಿನ ಲೆಕ್ಕಕ್ಕಿಂತ ಆ ತೂತಿನಲ್ಲಿ ನುಗ್ಗುವ ನೊಣದ ನಷ್ಟ ದೊಡ್ಡದು. ಇಲಿಯ ದಾರಿಗೆ ನೈಲಾನ್ ನಿಲ್ಲುವುದಿಲ್ಲ, ಶೀಟು ಮತ್ತು ಗೋಡೆಯ ನಡುವಿನ ಸಂದಿಗೆ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ತುರುಕಿ ಸಿಮೆಂಟು ಮೆತ್ತಿ. ಆದರೆ ಎಲ್ಲ ಸಂದಿಯನ್ನೂ ಈಗಲೇ ಮುಚ್ಚಬೇಡಿ, ಒಳಗೆ ಸಿಕ್ಕಿಕೊಂಡರೆ ಹುಳುವೇ ಅದರ ಊಟ. ಹಿಡಿದು ಮುಗಿಸಿದ ಮೇಲೆ ಮುಚ್ಚಿ.

ಸಮಯದ ಬಗ್ಗೆ ಹೇಳುವುದಾದರೆ, ಈಗ ಇಡಬಹುದು, ಬೀಳುವುದು ಕಡಿಮೆ. ಕೆಳಗೆ ಜೀವಂತ ಹುಳು ಇರುವಾಗ ಸುಟ್ಟ ಕೊಬ್ಬರಿಗೆ ಪೈಪೋಟಿ ಜಾಸ್ತಿ. ಈಗ ಬಾಗಿಲು ಎತ್ತಿ ಕಟ್ಟಿದ ಬೋನನ್ನು ಮೇಲಿಟ್ಟು ಅಭ್ಯಾಸ ಮಾಡಿಸಿ. ಗೂಡು ಬಿಡಿಸಿ ಮಾರುಕಟ್ಟೆಗೆ ಹೋದ ದಿನದಿಂದ ಮನೆ ಖಾಲಿ, ಇಲಿಗೆ ಹಸಿವು. ಮೂರು ನಾಲ್ಕು ರಾತ್ರಿ ಹೂಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಬ್ಲೀಚಿಂಗ್ ಹಾಕಿ ತೊಳೆಯುವ ಮುಂಚೆಯೇ ಇದು ಮುಗಿಯಬೇಕು. ತೊಳೆದ ಮೇಲೆ ಕ್ಲೋರಿನ್ ಘಾಟಿಗೆ ಇಲಿ ಪಕ್ಕದ ರಾಗಿ ಕೋಣೆ ಸೇರಿ, ಚಾಕಿ (ಮರಿಹುಳು) ತಂದ ಮೇಲೆ ವಾಪಸ್ ಬರುತ್ತದೆ. ಅದೇ ರಾತ್ರಿಗಳಲ್ಲಿ ರಾಗಿ, ಹಿಂಡಿಯನ್ನು ಮುಚ್ಚಳ ಇರುವ ಡ್ರಮ್ಮಿಗೆ ತುಂಬಿ. ಇಲ್ಲದಿದ್ದರೆ ಹಸಿವು ಎನ್ನುವುದೇ ಬರುವುದಿಲ್ಲ.

ತೋಟದಮನೆ_ಮಧುಗಿರಿ:
ಇದೇ ಜಾಗದಲ್ಲಿ ಕೇಳಿಬಿಡ್ತೀನಿ. ಕೋಳಿ ಗೂಡಿಗೆ ಪುನುಗು ಬೆಕ್ಕೋ ಕಾಡುಬೆಕ್ಕೋ ಬರ್ತಿದೆ. ದೊಡ್ಡ ಬೋನಿಗೆ ಯಾವ ವಾಸನೆ ಕಟ್ಟಬೇಕು?

ಗೋದಾಮು_ಚಿಂತಾಮಣಿ:
ಯಾವುದನ್ನೂ ಕಟ್ಟಬೇಡಿ. ಪುನುಗು ಬೆಕ್ಕು, ಕಾಡುಬೆಕ್ಕು, ಮುಂಗುಸಿ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಇರುವವು, ಬೋನು ಹೂಡುವುದೇ ಅಪರಾಧ. ಕಾಟ ಮಿತಿಮೀರಿದರೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಕೋಳಿ ಗೂಡಿಗೆ ಸಣ್ಣ ಕಣ್ಣಿನ ವೆಲ್ಡ್ ಮೆಶ್ ಹೊಡೆದು, ನೆಲದಲ್ಲಿ ಒಂದು ಅಡಿ ಹೂತು, ಕತ್ತಲಾಗುವ ಮುಂಚೆ ಬಾಗಿಲು ಹಾಕಿ. ಇಲಿ ಬೋನಿಗೆ ಅಕಸ್ಮಾತ್ ಮುಂಗುಸಿ ಮರಿ ಬಿದ್ದರೆ ಗೋಣಿ ಮುಚ್ಚಿ ಹೊರಗೆ ತಂದು ಅಲ್ಲೇ ಬಾಗಿಲು ಎತ್ತಿ. ಒಣಮೀನು, ಕೋಳಿ ಕರುಳು ಕಟ್ಟಿದ ಬೋನಿಗೇ ಇವು ಬೀಳುವುದು, ಕೊಬ್ಬರಿಗೆ ಅಪರೂಪ.

ಶಿಡ್ಲಘಟ್ಟ_ಸೊಪ್ಪು:
ಸರಿ. ಹೊರಗೆ ಹಿಪ್ಪುನೇರಳೆ ಬದುವಿನಲ್ಲಿ ಬಿಲ ಇವೆ, ಅವಕ್ಕೆ ವಿಷ ಇಟ್ಟರೆ ಪರವಾಗಿಲ್ಲವಾ?

ಬಯಲುಸೀಮೆ_ಬೋನು:
ಬದುವಿನಲ್ಲಿ ಇಡಬಹುದು, ಬಿಲದ ಒಳಗೆ ಮಾತ್ರ. ಸಂಜೆ ಎಲ್ಲ ಬಿಲದ ಬಾಯಿ ಮಣ್ಣಿನಿಂದ ಮುಚ್ಚಿ, ಬೆಳಿಗ್ಗೆ ತೆರೆದಿರುವುದರಲ್ಲಿ ಮಾತ್ರ ಇಲಿ ಇದೆ ಅಂತ ಲೆಕ್ಕ. 0.005% ಬ್ರೊಮಾಡಿಯೊಲೋನ್ ಬಿಲ್ಲೆಯನ್ನು ಬಿಲಕ್ಕೆ 15 ಗ್ರಾಂನಂತೆ ಒಂದು ಮೊಳ ಒಳಗೆ ತಳ್ಳಿ ಮುಚ್ಚಿಬಿಡಿ. ಸಾಯಲು ಕೆಲವು ದಿನ ಹಿಡಿಯುವುದರಿಂದ ಉಳಿದವಕ್ಕೆ ಅನುಮಾನ ಬರುವುದಿಲ್ಲ. ಸತುವಿನ ಫಾಸ್ಫೈಡ್ ಆದರೆ ಮೊದಲು ವಿಷ ಇಲ್ಲದ ನುಚ್ಚನ್ನು ಎರಡು ಮೂರು ದಿನ ತಿನ್ನಿಸಿ, ಆಮೇಲೆ ನುಚ್ಚು 96 ಭಾಗ, ಎಣ್ಣೆ 2, ಪುಡಿ 2. ಅರೆಬರೆ ತಿಂದು ಹುಷಾರು ತಪ್ಪಿದ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ, ಮಕ್ಕಳು ನಾಯಿ ಓಡಾಡುವ ಕಡೆ ನಾನು ಬೇಡ ಅನ್ನುತ್ತೇನೆ. ಸತ್ತದ್ದು ಮೇಲೆ ಕಂಡರೆ ಆಳವಾಗಿ ಹೂಳಿ, ಗೂಬೆ ತಿಂದರೆ ಅದೂ ಸಾಯಬಹುದು. ವಿಷ ಮುಟ್ಟಿದ ಗ್ಲೌಸು ಬೇರೆ ಇರಲಿ, ಆ ದಿನ ಸೊಪ್ಪು ಕೊಯ್ಯುವವರು ಬೇರೆ ಇರಲಿ. ಮತ್ತೆ, ರಾಗಿ ಹುಲ್ಲಿನ ಬಣವೆ ಹುಳು ಮನೆಗೆ ತಾಗಿದ್ದರೆ ಅದನ್ನು ಮೊದಲು ಸರಿಸಿ. ಶೀಟಿಗೆ ಹತ್ತಲು ಅದೇ ಮೆಟ್ಟಿಲು.