ಕುಡಿತ ಬಿಟ್ಟವರ ಸಭೆಗೆ ಮೊದಲ ಸಲ ಹೋಗುವವರಿಗೆ: ದಾವಣಗೆರೆಯವರ ಅನುಭವಗಳು

ಕೇಳಿದ್ದು: ನನ್ನ ತಮ್ಮ ಮಂಡಿಪೇಟೆಯಲ್ಲಿ ಅಂಗಡಿ ನಡೆಸುತ್ತಾನೆ. ಕುಡಿತ ಬಿಡಬೇಕೆಂದು ಈಗ ಅವನೇ ಹೇಳುತ್ತಿದ್ದಾನೆ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗು ಎಂದರೆ, ‘ಗುರುತಿನವರು ಯಾರಾದರೂ ನೋಡಿದರೆ?’ ಎಂದು ಹಿಂಜರಿಯುತ್ತಾನೆ. ಸಭೆಯನ್ನು ಹುಡುಕುವುದು ಹೇಗೆ, ಅಲ್ಲಿ ಏನು ನಡೆಯುತ್ತದೆ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ವಿದ್ಯಾನಗರದಿಂದ ಒಬ್ಬರು: ನಾನು ಹೋಗಿ ಬಂದವನಲ್ಲ, ಈಗಲೂ ಹೋಗುತ್ತಿರುವವನು. ಗುರುತಿನವರ ಭಯ ನನಗೂ ಇತ್ತು. ಮೊದಲ ಸಭೆಯಲ್ಲಿ ನಮ್ಮ ಓಣಿಯವರೇ ಒಬ್ಬರು ಕುಳಿತಿದ್ದರು. ಒಂದು ಮಾತೂ ಆಡದೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಕಡೆಗೆ ಎಳೆದರು. ಇವತ್ತಿಗೂ ಓಣಿಯಲ್ಲಿ ಎದುರಾದರೆ ಮಳೆಯ ಬಗ್ಗೆ, ಮೆಕ್ಕೆಜೋಳದ ಧಾರಣೆಯ ಬಗ್ಗೆ ಮಾತನಾಡುತ್ತೇವೆಯೇ ಹೊರತು ಇಬ್ಬರೂ ಸಭೆಯ ಸುದ್ದಿ ಎತ್ತುವುದಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು ಎಂಬುದನ್ನು ಅಲ್ಲಿಯವರು ವ್ರತದಂತೆ ಪಾಲಿಸುತ್ತಾರೆ. ಅಷ್ಟಾದರೂ ತಮ್ಮನಿಗೆ ಧೈರ್ಯ ಸಾಲದಿದ್ದರೆ ಮೊದಲ ಕೆಲವು ಸಭೆಗಳಿಗೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಲಿ, ಇಲ್ಲವೇ ಮೊಬೈಲ್‌ನಲ್ಲಿ ಆನ್‌ಲೈನ್ ಸಭೆಗೆ ಕೂರಲಿ. ಆದರೆ ಕೊನೆಗೆ ಊರಿನ ಸಭೆಯೇ ಬೇಕು. ಸಂಜೆ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಕೈಕಾಲು ಚಡಪಡಿಸಿದಾಗ ಹತ್ತು ನಿಮಿಷದಲ್ಲಿ ಬಂದು ಜೊತೆಗೆ ಚಹಾ ಕುಡಿಯುವವರು ಹುಬ್ಬಳ್ಳಿಯಲ್ಲಿ ಇದ್ದರೆ ಆಗುವುದಿಲ್ಲ.

ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಒಬ್ಬೊಬ್ಬರೇ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಹೇಳಿ, ತನ್ನ ಪಾಡು ಹಂಚಿಕೊಳ್ಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ತೀರ್ಪು ಕೊಡುವುದಿಲ್ಲ. ‘ಇವತ್ತು ಕೇಳುತ್ತೇನೆ’ ಎಂದರೆ ಸಾಕು, ಮಾತನಾಡಲೇಬೇಕೆಂದಿಲ್ಲ. ಶುಲ್ಕವಿಲ್ಲ, ಅಡ್ರೆಸ್ ಕೇಳುವವರಿಲ್ಲ. ಖರ್ಚಿಗೆಂದು ಒಂದು ಡಬ್ಬಿ ಬರುತ್ತದೆ, ಮನಸ್ಸಿದ್ದರೆ ಹಾಕಬಹುದು. ಸದಸ್ಯನಾಗಲು ಕುಡಿತ ಬಿಡುವ ಆಸೆಯೊಂದೇ ಅರ್ಹತೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇದನ್ನು ಆರಂಭಿಸಿದವರೂ ಇಬ್ಬರು ಕುಡಿತದ ರೋಗಿಗಳೇ: ಒಬ್ಬರು ಷೇರುಪೇಟೆಯವರು, ಇನ್ನೊಬ್ಬರು ಶಸ್ತ್ರವೈದ್ಯರು. ಹಾಗಾಗಿ ಮೇಲೆ ಕುಳಿತು ಉಪದೇಶ ಮಾಡುವ ಗುರು ಅಲ್ಲಿಲ್ಲ. ಕುಡಿತ ಬಿಡಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ಅವರವರು ತಿಳಿದ ದೇವರು. ನಮ್ಮಲ್ಲಿ ಲಿಂಗ ಕಟ್ಟಿದವರಿದ್ದಾರೆ, ನಮಾಜು ಮಾಡುವವರಿದ್ದಾರೆ, ಯಾವುದನ್ನೂ ನಂಬದವರೂ ಇದ್ದಾರೆ.

ಮೊದಲ ದಿನವೇ ಎರಡು ಮೂರು ಮೊಬೈಲ್ ನಂಬರ್ ಬರೆದುಕೊಂಡು ಬರಲಿ. ಸಭೆಗಿಂತ ನನ್ನನ್ನು ಹೆಚ್ಚು ಕಾಪಾಡಿದ್ದು ಆ ನಂಬರುಗಳು.

ಹರಿಹರದಿಂದ ಒಬ್ಬ ಗೃಹಿಣಿ: ಎಎ ಸಭೆಗಳಲ್ಲಿ ಎರಡು ಬಗೆ. ‘ಓಪನ್’ ಸಭೆಗೆ ಮನೆಯವರೂ ಹೋಗಬಹುದು, ‘ಕ್ಲೋಸ್ಡ್’ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಓಪನ್ ಸಭೆ ಯಾವ ದಿನವೆಂದು ಫೋನಿನಲ್ಲಿ ಕೇಳಿಕೊಂಡು ಮೊದಲ ಸಲ ನೀವೂ ಜೊತೆಗೆ ಹೋಗಿ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಗಂಡನ ಜೇಬು ತಡಕುವುದು, ಬಾಟಲಿ ಹುಡುಕಿ ಚೆಲ್ಲುವುದು, ಅವರ ಪರವಾಗಿ ಕೆಲಸದ ಕಡೆಗೆ ಸುಳ್ಳು ಹೇಳುವುದು, ಇವುಗಳಿಂದ ನನಗೆ ಬಿಡುಗಡೆ ಸಿಕ್ಕಿದ್ದು ಅಲ್ಲಿಗೆ ಸೇರಿದ ಮೇಲೆ. ಇನ್ನೊಂದು ಮಾತು. ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಎಂದು ಪುಡಿ ಮಾರುವವರಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಅದರಲ್ಲಿ ಡೈಸಲ್ಫಿರಾಮ್‌ನಂಥ ಔಷಧ ಇರಬಹುದು, ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.

ನರ್ಸ್ ಆಗಿರುವ ಒಬ್ಬರು: ನಿಮ್ಮ ತಮ್ಮ ದಿನಾಲೂ ಕುಡಿಯುವವರೇ? ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ಹಾಗಿದ್ದರೆ ಸಭೆಗೂ ಮೊದಲು ವೈದ್ಯರನ್ನು ಕಾಣಬೇಕು. ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆ, ಜ್ವರ, ಎಲ್ಲಿದ್ದೇನೆಂಬ ಅರಿವೇ ತಪ್ಪುವುದು ಕಾಣಿಸಿಕೊಳ್ಳುತ್ತದೆ. ಇದು ಪ್ರಾಣಾಪಾಯದ ಸ್ಥಿತಿ, ಆದರೆ ಔಷಧ ಮತ್ತು ಬಿ1 ವಿಟಮಿನ್ ಕೊಟ್ಟು ತಡೆಯಲು ಸಾಧ್ಯವಿದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಬಾಪೂಜಿ ಆಸ್ಪತ್ರೆಯಲ್ಲಾಗಲಿ ಮನೋವೈದ್ಯರನ್ನು ಕಾಣಿರಿ, ಊರಿನಲ್ಲಿ ಸಭೆ ಎಲ್ಲಿ ನಡೆಯುತ್ತದೆಂದು ಅವರನ್ನೇ ಕೇಳಿರಿ. ರಾತ್ರಿ ಹೊತ್ತಿನಲ್ಲಿ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಫಿಟ್ಸ್ ಬಂದರೆ ಮಾತ್ರ ಯಾರಿಗೂ ಫೋನ್ ಮಾಡಿ ಕೇಳುತ್ತಾ ಕೂರಬೇಡಿ, 108 ಕರೆಯಿರಿ.

ಜಗಳೂರು ಕಡೆಯ ಒಬ್ಬರು: ಹಳ್ಳಿಯ ಕಡೆಯವರಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರವೂ ಒಂದು ದಾರಿ. ನಾನು ಬಿಟ್ಟಿದ್ದು ಅಲ್ಲಿ. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿ ಇರುತ್ತದೆ, ಅದನ್ನು ತಪ್ಪಿಸಬಾರದು. ನನ್ನೊಂದಿಗೆ ಶಿಬಿರದಲ್ಲಿದ್ದು ಮತ್ತೆ ಕುಡಿತಕ್ಕೆ ಬಿದ್ದವರು ಹೆಚ್ಚಾಗಿ ಆ ಸಭೆಗೆ ಬರುವುದನ್ನು ನಿಲ್ಲಿಸಿದವರೇ. ಮುಂದಿನ ಶಿಬಿರ ಎಲ್ಲಿ ಎಂಬುದು ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ತಿಳಿಯುತ್ತದೆ.

ವಿದ್ಯಾನಗರದವರು ಮತ್ತೆ: ಒಂದು ವಿಷಯ ಬಿಟ್ಟುಹೋಗಿತ್ತು. ಎಎ ಜಾಲತಾಣದಲ್ಲಿ ಊರುವಾರು ಸಭೆಗಳ ವಿವರ ಸಿಗುತ್ತದೆ, ಆದರೆ ಜಾಗ, ಸಮಯ ಬದಲಾಗುತ್ತಿರುತ್ತವೆ. ಹೊರಡುವ ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ‘ಹೊಸಬನೊಬ್ಬ ಬರುತ್ತಿದ್ದಾನೆ’ ಎಂದರೆ ಸಾಕು, ಯಾರಾದರೊಬ್ಬರು ಬಾಗಿಲ ಬಳಿ ಬಂದು ನಿಂತಿರುತ್ತಾರೆ.